ಹೊಳೆವ್ವನ ಬುದ್ಧಿ ಯಾರ ಕಡೆಯದು?

ಐಗಳಿ
24 ಮೇ 1998

ನಿಪ್ಪಾಣಿಯ ಬೀಗರಾದ ಭಾವುಸಾಹೇಬರಿಗೆ ಐಗಳಿಯ ರಾವಸಾಹೇಬನ ಶರಣು.

ಇಲ್ಲಿ ಎಲ್ಲರೂ ಆರಾಮ. ದ್ರಾಕ್ಷಿ ಬಳ್ಳಿಗೆ ಕತ್ತರಿ ಹಾಕಿ ಮುಗಿಸಿದ್ದೇವೆ. ಎಮ್ಮೆ ಕೂಡ ಆರಾಮ. ಇಷ್ಟು ಬರೆದ ಮೇಲೆ ಶಿಷ್ಟಾಚಾರ ತೀರಿತೆಂದು ತಿಳಿಯುತ್ತೇನೆ.

ನಮ್ಮ ಹೊಳೆವ್ವ ಏಳನೆಯ ಇಯತ್ತೆಯ ಪರೀಕ್ಷೆಯಲ್ಲಿ ಇಡೀ ಕೇಂದ್ರಕ್ಕೆ ಪಯಲಾ ನಂಬರ ಬಂದಿದ್ದಾಳೆ. 'ನಮ್ಮ' ಎಂದು ಬರೆದದ್ದನ್ನು ನೀವು ಗಮನಿಸಿರಬೇಕು. ಆಕೆ ನಿಮ್ಮ ಮಗ ಬಾಳಾಸಾಬನ ಮಗಳು, ಒಪ್ಪಿದೆ. ಆದರೆ ಹೆತ್ತವಳು ನನ್ನ ಮಗಳು ಸೋನಾಬಾಯಿ. ತಮ್ಮ ಹುಟ್ಟಿದನೆಂದು ಮೂರು ವರ್ಷದ ಕೂಸನ್ನು ಇಲ್ಲಿ ತಂದು ಬಿಟ್ಟವರು ನೀವೇ. ಅಂದಿನಿಂದ ಆಕೆಗೆ ಐಗಳಿಯ ನೀರು, ಐಗಳಿಯ ರೊಟ್ಟಿ, ಐಗಳಿಯ ಕನ್ನಡ ಶಾಲೆ.

ಇದು ಪೀಠಿಕೆ. ಈಗ ಶಾಸ್ತ್ರ ಕೇಳಿರಿ. ಪರದೇಶದ ವಿಜ್ಞಾನಿಗಳು ಬಹಳ ಜಾಣ ಮಕ್ಕಳ ರಕ್ತ ತಪಾಸು ಮಾಡಿ, ಬುದ್ಧಿಗೆ ಸಂಬಂಧಪಟ್ಟ ಒಂದು ಜೀನನ್ನು ಹಿಡಿದಿದ್ದಾರೆಂದು ಪೇಪರಿನಲ್ಲಿ ಬಂದಿದೆ. ಜೀನು ಎಂದರೆ ಬೀಜದೊಳಗಿನ ಗುಣ. ತಂದೆತಾಯಿಯಿಂದ ಮಕ್ಕಳಿಗೆ ಇಳಿಯುತ್ತದೆ. ಅದರಲ್ಲಿ ತರಹ ತರಹ ಇವೆಯಂತೆ, ದ್ರಾಕ್ಷಿಯಲ್ಲಿದ್ದ ಹಾಗೆ. ಜಾಣರಲ್ಲಿ ಒಂದು ತರಹ ಹೆಚ್ಚಂತೆ. ಆ ತರಹ ನಮ್ಮ ಮನೆತನದ್ದು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ನಮ್ಮ ಅಜ್ಜ ಕಾಗದವಿಲ್ಲದೆ ಬಾವಿಯ ಆಳ ಹೇಳುತ್ತಿದ್ದ. ನಿಮ್ಮ ಅಜ್ಜ ಅದೇ ಬಾವಿಯಲ್ಲಿ ಬಿದ್ದಿದ್ದ.

ಈ ಸುದ್ದಿಯನ್ನು ನಿಮ್ಮ ತಂಗಿಗೆ, ಅಂದರೆ ನನ್ನ ಮನೆಯವಳಿಗೆ, ಓದಿ ಹೇಳಿದೆ. "ಹುಡಿಗಿ ಕಂದೀಲ ಮುಂದ ಕುಂತು ಓದಿದ್ದು ನಾ ನೋಡೀನ್ರಿ. ನಿಮ್ಮ ಜೀನಾ ಕುಂತು ಓದಿದ್ದು ನೋಡಿಲ್ಲ" ಎಂದಳು ಅಕ್ಕವ್ವ. ಅಕ್ಷರ ಬಾರದವಳಿಗೆ ಶಾಸ್ತ್ರ ಹೇಗೆ ತಿಳಿದೀತು?

ಅಭಿನಂದನೆಯ ಪತ್ರದ ದಾರಿ ನೋಡುತ್ತಿರುವ,
ರಾವಸಾಹೇಬ


ನಿಪ್ಪಾಣಿ
2 ಜೂನ್ 1998

ಬೀಗರೇ,

ನಿಮ್ಮ ಪತ್ರ ಮುಟ್ಟಿತು. ಅಭಿನಂದನೆ ಹೇಳಬೇಕಾದವರು ನೀವು, ಹೇಳಿಸಿಕೊಳ್ಳಬೇಕಾದವನು ನಾನು. ನಾವೂ ಪೇಪರ ಓದುತ್ತೇವೆ, ಅದೂ ಎರಡು ಭಾಷೆಯಲ್ಲಿ.

ಒಂದೇ ಹಂದರದ ಕೆಳಗೆ ನಮ್ಮಿಬ್ಬರ ಸಾಟಿ ಲಗ್ನವಾದದ್ದು ನಿಮಗೆ ನೆನಪಿರಬೇಕು. ನನ್ನ ತಂಗಿ ಅಕ್ಕವ್ವನನ್ನು ನಿಮಗೆ ಕೊಟ್ಟೆ, ನಿಮ್ಮ ತಂಗಿ ಕಾಳವ್ವನನ್ನು ನಾನು ತಂದುಕೊಂಡೆ. ನಿಮ್ಮ ಮನೆಗೆ ಬುದ್ಧಿ ಎಂಬ ವಸ್ತು ಬಂದದ್ದೇ ಅಕ್ಕವ್ವ ನಿಮ್ಮ ಹೊಸ್ತಿಲು ದಾಟಿದ ದಿನ. ಆ ಬುದ್ಧಿ ಆಕೆಯಿಂದ ಸೋನಾಬಾಯಿಗೆ, ಸೋನಾಬಾಯಿಯಿಂದ ಹೊಳೆವ್ವನಿಗೆ ಇಳಿಯಿತು. ಅಂದರೆ ನಮ್ಮದೇ ಮಾಲು ನಿಮ್ಮ ಮನೆ ಸುತ್ತಿ ನಮ್ಮ ಮನೆಗೆ ತಿರುಗಿ ಬಂದಿದೆ. ಇಷ್ಟು ದಿನ ಇಟ್ಟುಕೊಂಡದ್ದಕ್ಕೆ ಉಪಕಾರ.

ಇದನ್ನೆಲ್ಲ ಕೇಳುತ್ತ ಭಕ್ರಿ ಬಡಿಯುತ್ತಿದ್ದ ಕಾಳವ್ವ "ಹಂಗಾದ್ರ ನಾ ಇಲ್ಲಿ ಬರಿಗೈಲೆ ಬಂದೇನು?" ಎಂದು ತಾಟು ಕುಕ್ಕಿದಳು. ಆ ಪ್ರಶ್ನೆಗೆ ಉತ್ತರ ಕೊಡಲು ನಾನೇನು ಹುಚ್ಚನಲ್ಲ.

ನಿಪ್ಪಾಣಿಯಲ್ಲಿ ದೊಡ್ಡ ಹೈಸ್ಕೂಲು ಇದೆ, ಮರಾಠಿ ಮಾಧ್ಯಮ, ಅಗದೀ ಶಿಸ್ತು. ಆಕೆಯ ಹೆಸರು ಹಚ್ಚಿಸಿ ಬಂದಿದ್ದೇನೆ. "ಪೋರಿ ಕನ್ನಡ ಸಾಳಿಯಾಗ ಕಲತಾಳ, ತ್ರಾಸ ಆದೀತು" ಎಂದ ಬಾಳಾಸಾಬ. "ಲೇ, ಜೀನು ರಕ್ತದಾಗ ಇರತೈತಿ, ಅದಕ ಮರಾಠಿ ಯಾವುದು, ಕನ್ನಡ ಯಾವುದು?" ಎಂದು ಬಾಯಿ ಮುಚ್ಚಿಸಿದೆ. ಆಕೆಯನ್ನು ಕರೆತರಲು ಜೀಪು ನಾಳೆ ನಸುಕಿಗೆ ಐಗಳಿಗೆ ಹೊರಡುತ್ತದೆ. ಈ ಪತ್ರ ನಿಮಗೆ ಮುಟ್ಟುವ ಮೊದಲೇ ಹುಡುಗಿ ನನಗೆ ಮುಟ್ಟಿರುತ್ತಾಳೆ.

ನಿಮ್ಮವ,
ಭಾವುಸಾಹೇಬ


ಬೆಳಗಾವಿ
19 ಆಗಸ್ಟ್ 1998

ಮಾನ್ಯ ರಾವಸಾಹೇಬ ಅವರಿಗೆ,

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು. ನೀವು ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸಿದ ದ್ರಾಕ್ಷಿ ಡಬ್ಬಿ ತಲುಪಿತು. ಮೇಲೆ ದ್ರಾಕ್ಷಿಯೆಂದು ಬರೆದಿದ್ದರಿಂದ ವಿಭಾಗದವರೆಲ್ಲ ಸಂತೋಷದಿಂದ ಸುತ್ತುವರಿದೆವು. ಒಳಗೆ ನಿಮ್ಮ ಮನೆಯವರ ಕೂದಲಿನ ಪೊಟ್ಟಣಗಳಿದ್ದವು. ಅದೇ ವಾರ ನಿಮ್ಮ ಬೀಗರು ನಿಪ್ಪಾಣಿಯಿಂದ ತಮ್ಮ ಮನೆಯವರ ಉಗುರುಗಳನ್ನು ಕಳಿಸಿದ್ದಾರೆ. ಇಬ್ಬರ ಪ್ರಶ್ನೆಯೂ ಒಂದೇ: ಮೊಮ್ಮಗಳ ಬುದ್ಧಿ ಯಾರ ಕಡೆಯದು? ಆದ್ದರಿಂದ ಇದೇ ಉತ್ತರ ಅವರಿಗೂ ಹೋಗುತ್ತಿದೆ.

ಕೂದಲು ನೋಡಿ ಬುದ್ಧಿ ಹೇಳುವ ವಿದ್ಯೆ ನನಗೆ ಗೊತ್ತಿಲ್ಲ. ಹೋಲಿಕೆಗೆಂದು ನೀವು ಇಟ್ಟ ಕೊನೆಯ ಪೊಟ್ಟಣ ಖಿಲಾರಿ ಎತ್ತಿನದೆಂದು ಬರೆದಿದ್ದೀರಿ. ಬರೆಯದೆ ಇದ್ದಿದ್ದರೆ ಅದನ್ನೂ ಮನೆಯ ಹಿರಿಯರ ಸಾಲಿಗೆ ಸೇರಿಸುತ್ತಿದ್ದೆ.

ಪೇಪರಿನ ಸುದ್ದಿ ಸುಳ್ಳಲ್ಲ. ಆದರೆ ನೀವು ತಿಳಿದಷ್ಟು ದೊಡ್ಡದೂ ಅಲ್ಲ. ಜಾಣ ಮಕ್ಕಳ ಗುಂಪಿನಲ್ಲಿ ಒಂದು ಜೀನಿನ ಒಂದು ತರಹ ತುಸು ಹೆಚ್ಚು ಕಂಡಿದೆ, ಅಷ್ಟೇ. ಆ ತರಹ ಇಲ್ಲದ ಜಾಣರಿದ್ದಾರೆ, ಇದ್ದೂ ಸಾಧಾರಣರಾದವರು ಬೇಕಾದಷ್ಟಿದ್ದಾರೆ. ಬೇರೆಯವರು ಮತ್ತೆ ನೋಡಿದಾಗ ಅದೂ ನಿಲ್ಲುತ್ತದೋ ಇಲ್ಲವೋ. ಬುದ್ಧಿಯ ಹಿಂದೆ ಇಂಥ ಜೀನುಗಳು ಅಸಂಖ್ಯ ಇರಬಹುದು, ಒಂದೊಂದರ ಪಾಲು ಸಾಸಿವೆಯಷ್ಟು. ಉಳಿದದ್ದು ಊಟ, ಆರೋಗ್ಯ, ಶಾಲೆ, ಕಲಿಸುವವರು.

ಇನ್ನು ಯಾರ ಕಡೆಯದು ಎಂಬ ಪ್ರಶ್ನೆ. ನಿಮ್ಮ ಮನೆಯ ಹೆಣ್ಣು ಅವರಿಗೆ, ಅವರ ಮನೆಯ ಹೆಣ್ಣು ನಿಮಗೆ. ಮೇಲೆ ನಿಮ್ಮ ಮಗಳು ಅವರ ಮಗನಿಗೆ. ಹುಡುಗಿಯ ತಾಯಿಯಲ್ಲಿ ಎರಡೂ ಮನೆಯ ರಕ್ತ, ತಂದೆಯಲ್ಲಿಯೂ ಅದೇ ಎರಡು ಮನೆಯ ರಕ್ತ. ಒಂದೇ ಬಾವಿಯಿಂದ ಎರಡು ಕೊಡ ಸೇದಿ, ಯಾವ ಕೊಡದ ನೀರು ಸಿಹಿ ಎಂದು ಜಗಳಾಡುತ್ತಿದ್ದೀರಿ.

ದಯವಿಟ್ಟು ಇನ್ನೇನನ್ನೂ ಕಳಿಸಬೇಡಿರಿ. ಕಳಿಸಲೇಬೇಕೆಂದಿದ್ದರೆ ದ್ರಾಕ್ಷಿ ಕಳಿಸಿರಿ.

ನಿಮ್ಮ ವಿಶ್ವಾಸಿ,
ರಾಜಾರಾಮ


ನಿಪ್ಪಾಣಿ
11 ಅಕ್ಟೋಬರ್ 1998

ಪ್ರೀತಿಯ ಅಜ್ಜನಿಗೆ ಹೊಳೆವ್ವ ಮಾಡುವ ನಮಸ್ಕಾರಗಳು.

ನಾನು ಆರಾಮ ಇದ್ದೇನೆ ಎಂದು ಬರೆಯಲು ಈ ಊರಿನ ಅಜ್ಜ ಹೇಳಿದ್ದಾರೆ. ಬರೆದಿದ್ದೇನೆ.

ಇಲ್ಲಿ ಪೇಟೆಯ ಮರಾಠಿ ನನಗೆ ಬರುತ್ತದೆ. ಬದನೆಕಾಯಿ ಚೌಕಾಶಿ ಮಾಡಬಲ್ಲೆ. ಆದರೆ ಪುಸ್ತಕದ ಮರಾಠಿ ಬದನೆಕಾಯಿಯ ಬಗ್ಗೆ ಇಲ್ಲ. ಗಿಡಗಳು ಬೆಳಕಿನಿಂದ ಆಹಾರ ಮಾಡಿಕೊಳ್ಳುವುದಕ್ಕೆ ನಾವು ದ್ಯುತಿಸಂಶ್ಲೇಷಣೆ ಎಂದು ಬಾಯಿಪಾಠ ಮಾಡಿದ್ದೆವು. ಇಲ್ಲಿ ಅದು ಪ್ರಕಾಶಸಂಶ್ಲೇಷಣ. ಗಿಡ ಎರಡೂ ಊರಲ್ಲಿ ಅದನ್ನೇ ಮಾಡುತ್ತದೆ, ನಾನು ಮಾತ್ರ ಇಲ್ಲಿ ಸುಮ್ಮನೆ ನಿಲ್ಲುತ್ತೇನೆ. ಲೆಕ್ಕ ನನಗೆ ಬರುತ್ತದೆ, ಲೆಕ್ಕದಲ್ಲಿ ಏನು ಕೇಳಿದ್ದಾರೆ ಎಂಬುದು ಬರುವುದಿಲ್ಲ. ಪ್ರಶ್ನೆ ಬಿಡಿಸಿ ಓದುವಷ್ಟರಲ್ಲಿ ಗಂಟೆ ಬಾರಿಸುತ್ತಾರೆ.

"ಕನ್ನಡ ಸಾಳಿಗೆ ಹೋಗತೀನಿ" ಎಂದೆ. "ನಮ್ಮ ಜೀನಾಕ ಅವಮಾನ ಮಾಡಬ್ಯಾಡವಾ" ಎಂದರು ಈ ಅಜ್ಜ. ನನ್ನ ಹಳೆಯ ಪುಸ್ತಕಗಳನ್ನು ಯಾರಿಗೂ ಕೊಡಬೇಡ.

ನಿನ್ನ ಮೊಮ್ಮಗಳು,
ಹೊಳೆವ್ವ


ನಿಪ್ಪಾಣಿ
30 ಏಪ್ರಿಲ್ 1999

ಐಗಳಿಯ ರಾವಸಾಹೇಬರಿಗೆ,

ನಿಮ್ಮ ಮೊಮ್ಮಗಳು ಎಂಟನೆಯ ಇಯತ್ತೆಯಲ್ಲಿ ನಪಾಸಾಗಿದ್ದಾಳೆ. 'ನಿಮ್ಮ' ಎಂದು ಬರೆದದ್ದನ್ನು ಗಮನಿಸಿರಿ.

ಕಳೆದ ವರ್ಷ ನೀವು ಆ ಜೀನು ಐಗಳಿಯದೆಂದು ಬರೆದಾಗ ನಾನು ಅವಸರದಲ್ಲಿ ವಿರೋಧ ಮಾಡಿದೆ. ಈಗ ಶಾಂತವಾಗಿ ವಿಚಾರ ಮಾಡಿದ್ದೇನೆ, ನಿಮ್ಮ ಮಾತೇ ಬರೋಬರಿ. ಜೀನು ನಿಮ್ಮದೇ. ಪೂರ್ತಿ ನಿಮ್ಮದು. ಪೇಟೆಯಲ್ಲಿ ಮುಖ ಎತ್ತಲಾಗದ ಹಾಗೆ ಆಗಿದೆ. ಕಳೆದ ವರ್ಷ ನಾನು ಹಂಚಿದ ಪೇಢೆ ತಿಂದ ಒಬ್ಬೊಬ್ಬನೂ ಈಗ ಪರೀಕ್ಷೆಯ ನಿಕಾಲ ಏನಾಯಿತೆಂದು ಕೇಳುತ್ತಾನೆ.

ಸೋನಾಬಾಯಿ ಊಟಕ್ಕೆ ಬಡಿಸುತ್ತಾಳೆ, ಮಾತಾಡುವುದಿಲ್ಲ. ಹುಡುಗಿಯನ್ನು ಯಾವಾಗ ಕಳಿಸಲಿ?

ಭಾವುಸಾಹೇಬ


ಐಗಳಿ
7 ಮೇ 1999

ನಿಪ್ಪಾಣಿಯ ಭಾವುಸಾಹೇಬರಿಗೆ,

ನಾನು ನಿಮಗೆ ಪಯಲಾ ನಂಬರಿನ ಹುಡುಗಿಯನ್ನು ಕೊಟ್ಟಿದ್ದೆ. ನೀವು ನಪಾಸಾದ ಹುಡುಗಿಯನ್ನು ತಿರುಗಿ ಕೊಡುತ್ತಿದ್ದೀರಿ. ಸಂತೆಯಲ್ಲಿ ಎತ್ತು ಮಾರುವವ ಕೂಡ ಇಂಥದ್ದಕ್ಕೆ ನಾಚುತ್ತಾನೆ. ರಕ್ತ ಒಂದೇ ವರ್ಷದಲ್ಲಿ ಕೆಡುವುದಿಲ್ಲ. ಆದ್ದರಿಂದ ದೋಷ ಮೊದಲೇ ಇತ್ತು, ಅದು ನಿಮ್ಮದು, ಐಗಳಿಯ ಗಾಳಿಗೆ ಹೆದರಿ ಅಡಗಿ ಕೂತಿತ್ತು, ತನ್ನ ಊರಿಗೆ ಬಂದೊಡನೆ ಎದ್ದಿತು.

ಇಷ್ಟು ಬೈದ ಮೇಲೆ ಮನಸ್ಸು ಹಗುರಾಗಿದೆ. ಈಗ ಹಿರಿಯರ ಹಾಗೆ ಮಾತಾಡೋಣ.

ಓದು ಆಕೆಗೆ ಕೂಡಿ ಬರಲಿಲ್ಲ. ಇನ್ನು ಶಾಲೆ ಬಿಡಿಸುವುದೇ ಲೇಸು. ನನ್ನ ಕಿರಿಯ ಮಗ ಧರೆಪ್ಪ ಇದ್ದಾನೆ, ದ್ರಾಕ್ಷಿ ತೋಟ ನೋಡಿಕೊಳ್ಳುತ್ತಾನೆ. ಸೋದರಮಾವ, ನಮ್ಮಲ್ಲಿ ಯಾರೂ ಬೇಡವೆನ್ನದ ಸಂಬಂಧ. ಈ ಶ್ರಾವಣದಲ್ಲಿ ಸಾಕರಪುಡಾ ಮಾಡಿ, ಸಕ್ಕರೆ ಹಂಚಿ, ಮಾತು ಗಟ್ಟಿ ಮಾಡಿಬಿಡೋಣ. ಲಗ್ನದ ಅಕ್ಕಿಕಾಳು ಆಕೆಗೆ ಹದಿನೆಂಟು ತುಂಬಿದ ಮೇಲೆ. ಬುದ್ಧಿ ಇರಲಿ ಇಲ್ಲದಿರಲಿ, ಮನೆಯದು ಮನೆಯಲ್ಲೇ ಉಳಿಯುತ್ತದೆ. ಆಗ ಯಾರ ಕಡೆಯದು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ.

ನಿಮ್ಮ ರಾವಸಾಹೇಬ


ನಿಪ್ಪಾಣಿ
13 ಮೇ 1999

ಪ್ರೀತಿಯ ಬೀಗರೇ,

ನಮ್ಮಿಬ್ಬರ ಸಂಬಂಧ ಬೆಳೆದಾಗಿನಿಂದ ನೀವು ಬರೆದ ಮೊದಲನೆಯ ಶಾಣ್ಯಾ ಬುದ್ಧಿಯ ಪತ್ರ ಇದು. ಪೂರ್ತಿ ಒಪ್ಪಿಗೆ. ಶ್ರಾವಣದ ಎರಡನೆಯ ಸೋಮವಾರ ಚಲೋ ದಿನವಂತೆ. ಸೀರೆ ನಮ್ಮ ಕಡೆಯಿಂದ.

ಹುಡುಗಿಗೂ ಸೋನಾಬಾಯಿಗೂ ಇನ್ನೂ ಹೇಳಿಲ್ಲ. ನಿಮ್ಮ ಪತ್ರವನ್ನು ದೇವರ ಮಾಡಿನಲ್ಲಿ ಇಟ್ಟಿದ್ದೇನೆ. ಅದನ್ನು ಓದುವವರು ಯಾರಿದ್ದಾರೆ?

ನಿಮ್ಮವನೇ ಆದ,
ಭಾವುಸಾಹೇಬ


ಚಿಕ್ಕೋಡಿ
16 ಜೂನ್ 1999

ಅಪ್ಪನಿಗೂ ಮಾವನವರಿಗೂ ಸೋನಾಬಾಯಿ ಬರೆಯುವುದು.

ಕೆಳಗೆ ಕಾರ್ಬನ್ ಇಟ್ಟು ಒಮ್ಮೆಲೇ ಬರೆಯುತ್ತಿದ್ದೇನೆ. ಇಬ್ಬರದೂ ಒಂದೇ ರಕ್ತ ಎಂದು ಬೆಳಗಾವಿಯವರು ಹೇಳಿದ ಮೇಲೆ ಎರಡು ಸಲ ಬರೆದು ಕೈ ಯಾಕೆ ನೋಯಿಸಿಕೊಳ್ಳಲಿ? ಅಪ್ಪನಿಗೆ ಮೇಲಿನ ಪ್ರತಿ ಹೋಗಿದೆಯೋ ಮಾವನವರಿಗೋ ನಾನು ನೋಡಿಲ್ಲ. ಅದಕ್ಕೂ ಜಗಳಾಡಬೇಕಾದರೆ ಆಡಿರಿ.

ದೇವರ ಮಾಡಿನ ಧೂಳು ದಿನಾ ಒರೆಸುವವಳು ನಾನು. ಅಲ್ಲಿಟ್ಟದ್ದನ್ನು ಓದುವವರಿಲ್ಲ ಎಂದು ಮಾವನವರಿಗೆ ಯಾಕೆ ಅನ್ನಿಸಿತೋ ತಿಳಿಯದು. ಓದಿದೆ. ಓದಿ ಅಲ್ಲಿಯೇ ಇಟ್ಟೆ. ಎರಡು ವಾರ ನೀವಾಗಿ ಹೇಳುತ್ತೀರೇನೋ ಎಂದು ಕಾಯ್ದೆ. ನೀವು ಸೀರೆಯ ಬಣ್ಣದ ಮಾತು ತೆಗೆದಿರಿ.

ಹೊಳೆವ್ವನನ್ನು ಚಿಕ್ಕೋಡಿಯಲ್ಲಿ ಮತ್ತೆ ಎಂಟನೆಯ ಇಯತ್ತೆಗೆ ಹಾಕಿದ್ದೇನೆ, ಕನ್ನಡ ಮಾಧ್ಯಮ. ಶಾಲೆಯ ಹಿಂದೆ ಒಂದು ಖೋಲಿ ಹಿಡಿದಿದ್ದೇವೆ. ನಾನು ಹಾಸ್ಟೆಲಿನವರಿಗೆ ರೊಟ್ಟಿ ಬಡಿದು ಕೊಡುತ್ತೇನೆ. ಸಣ್ಣ ಮಗ ಕಾಳವ್ವ ಅತ್ತೆಯ ಹತ್ತಿರ ಇದ್ದಾನೆ. "ನೀ ಹೋಗವಾ, ಅವರಿಬ್ಬರೂ ನನ್ನ ಕೇಳಿ ಏನ ಮಾಡ್ಯಾರ?" ಎಂದು ಅತ್ತೆಯೇ ಕಳಿಸಿದಳು. ನಿಮ್ಮ ಮಗ ಬಾಳಾಸಾಬ ತಂದೆಯ ಎದುರು ಬಾಯಿ ಬಿಡದ ಮನುಷ್ಯ. ಆದರೆ ಟ್ರ್ಯಾಕ್ಟರಿನಲ್ಲಿ ಟ್ರಂಕು, ಹಾಸಿಗೆ, ಜೋಳದ ಚೀಲ ಹೇರಿ ಇಲ್ಲಿ ಇಳಿಸಿ ಹೋದರು. ಅವರ ಮಟ್ಟಿಗೆ ಅದು ದೊಡ್ಡ ಭಾಷಣ.

ಹುಡುಗಿ ನಪಾಸಾದದ್ದು ಯಾವ ರಕ್ತದಿಂದಲೂ ಅಲ್ಲ. ಪುಸ್ತಕದ ಭಾಷೆ ಬದಲಾಯಿತು, ಅಷ್ಟೇ. ಇದನ್ನು ತಿಳಿಯಲು ಕೂದಲು ಉಗುರು ಬೆಳಗಾವಿಗೆ ಕಳಿಸಬೇಕಾಗಿರಲಿಲ್ಲ, ಆಕೆಯ ಪಕ್ಕದಲ್ಲಿ ಒಂದು ಸಂಜೆ ಕುಳಿತಿದ್ದರೆ ಸಾಕಿತ್ತು.

ಅಪ್ಪ, ಇನ್ನೊಂದು ಮಾತು. ಏಳನೆಯ ಇಯತ್ತೆಯಲ್ಲಿ ನಾನೂ ಪಯಲಾ ಬಂದಿದ್ದೆ. ಅದೇ ಶಾಲೆ, ಅದೇ ಕಟ್ಟೆ. ಮಾಸ್ತರರು ಮನೆಗೆ ಹೇಳಿ ಕಳಿಸಿದ್ದರು, ನೀನು ಅವರಿಗೆ ಚಹಾ ಕುಡಿಸಿದ್ದೆ. ಆಗ ಇದು ಯಾರ ಕಡೆಯ ಬುದ್ಧಿ ಎಂದು ನೀವಿಬ್ಬರೂ ಕೇಳಲಿಲ್ಲ. ಯಾವಾಗ ಲಗ್ನ ಎಂದು ಕೇಳಿದಿರಿ.

ಧರೆಪ್ಪನ ಮಾತನ್ನು ಮುರಿಯಿರಿ. ಮುರಿಯುವ ತನಕ ನಾನು ಎರಡೂ ಮನೆಯ ಹೊಸ್ತಿಲು ತುಳಿಯುವುದಿಲ್ಲ.

ಸೋನಾಬಾಯಿ


ಚಿಕ್ಕೋಡಿ
1 ಆಗಸ್ಟ್ 1999

ಐಗಳಿಯ ಅಕ್ಕವ್ವ ಆಯಿಗೆ ಹೊಳೆವ್ವನ ಸಾಷ್ಟಾಂಗ.

ಆಯಿ, ಈ ಪತ್ರ ನಿನಗೆ. ನಿನಗೆ ಓದಲು ಬರುವುದಿಲ್ಲವಾದ್ದರಿಂದ ಅಜ್ಜನೇ ಓದಿ ಹೇಳಬೇಕು. ಅಜ್ಜಾ, ಜೋರಾಗಿ ಓದು. ನಡುವೆ ಹಾರಿಸಬೇಡ.

ಹೋದ ರವಿವಾರ ಇಬ್ಬರೂ ಅಜ್ಜಂದಿರು ಚಿಕ್ಕೋಡಿಗೆ ಬಂದಿದ್ದರು. ಒಬ್ಬರು ಬರುವುದು ಇನ್ನೊಬ್ಬರಿಗೆ ಗೊತ್ತಿರಲಿಲ್ಲವಂತೆ. ನಮ್ಮ ಖೋಲಿಯ ಮುಂದಿನ ಕಟ್ಟೆಯ ಮೇಲೆ ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬರು ಕುಳಿತರು. ಅವ್ವ ಬಾಗಿಲು ತೆಗೆಯಲಿಲ್ಲ. "ಮಾತ ಮುರದೀರೇನು?" ಎಂದು ಒಳಗಿನಿಂದಲೇ ಕೇಳಿದಳು. "ಹಿರ್ಯಾರ ಮಾತ ಹಂಗ ಮುರ್ಯಾಕ ಬರೂದಿಲ್ಲವಾ" ಎಂದ ಐಗಳಿಯ ಅಜ್ಜ. "ಹಂಗಾದ್ರ ಬಾಗಲಾನೂ ತೆಗ್ಯಾಕ ಬರೂದಿಲ್ಲ" ಎಂದಳು ಅವ್ವ. ಬಸ್ಸು ಬರುವ ತನಕ ಕುಳಿತು ಹೋದರು. ಊರಿಗೆ ಬಂದು ಅಜ್ಜ ನಿನಗೆ ಏನು ಹೇಳಿದ್ದಾನೆಂದು ಧರೆಪ್ಪ ಮಾಮಾ ತಿಳಿಸಿದ. ನಾನು ಒಪ್ಪಿದ್ದೇನೆ ಎಂದು ಹೇಳಿದ್ದಾನಂತೆ. ನೀನು ಸಾಕರಪುಡಾಕ್ಕೆ ಶಾವಿಗೆ ಹೊಸೆಯುತ್ತಿದ್ದೀಯಂತೆ.

ಆಯಿ, ನಾನು ಒಪ್ಪಿಲ್ಲ. ನನ್ನನ್ನು ಯಾರೂ ಕೇಳಿಯೇ ಇಲ್ಲ.

ಧರೆಪ್ಪ ಮಾಮಾನೂ ಒಪ್ಪಿಲ್ಲ. ನನ್ನ ಹಳೆಯ ಪುಸ್ತಕಗಳನ್ನು ಗಂಟು ಕಟ್ಟಿ ತಂದಿದ್ದ. "ನಿನ್ನ ಹೆಗಲ ಮ್ಯಾಲ ಕುಂದರಸ್ಕೊಂಡು ತೋಟಾ ತಿರಿಗ್ಯಾಡೀನಲೇ ಹುಡಿಗಿ. ಈಗ ನಿನ್ನ ಜೋಡಿ ಬಾಸಿಂಗ ಕಟಗೊಂಡು ಕುಂದ್ರಲೇನು? ಅಪ್ಪಗ ಹೇಳಿದ್ರ ನಿನಗ ಬುದ್ಧಿ ಇಲ್ಲ ಅಂತಾನ" ಎಂದು ಕಣ್ಣಲ್ಲಿ ನೀರು ತಂದ. ಬುದ್ಧಿ ಇಲ್ಲದವರ ಸಂಖ್ಯೆ ನಮ್ಮ ಮನೆಯಲ್ಲಿ ಬಹಳ ಹೆಚ್ಚಾಗಿದೆ, ಆಯಿ. ಎಲ್ಲರನ್ನೂ ಹಾಗೆ ಅನ್ನುವವರು ಇಬ್ಬರೇ.

ಇಲ್ಲಿ ಮೊದಲನೆಯ ಟೆಸ್ಟು ಆಯಿತು. ನಾಲ್ಕನೆಯವಳಾಗಿ ಬಂದಿದ್ದೇನೆ. ಪಯಲಾ ಬಂದಿಲ್ಲ, ಆದ್ದರಿಂದ ಯಾರ ಕಡೆಯವರೂ ಪೇಢೆ ಹಂಚಬೇಕಾಗಿಲ್ಲ. ಪ್ರಶ್ನೆ ಎಲ್ಲಾ ತಿಳಿದವು. ಮೂರು ಲೆಕ್ಕ ತಪ್ಪಿದವು, ಅವು ನಾನೇ ತಪ್ಪಿದ್ದು. ಅದರಲ್ಲಿ ಎಷ್ಟು ಖುಷಿ ಐತಿ ಅಂತ ನಿನಗ ಹೆಂಗ ಹೇಳಲಿ!

ಈಗ ಮುಖ್ಯ ಸಾಲು. ಅಜ್ಜಾ, ಇದನ್ನು ಅಗದೀ ಸಾವಕಾಶ ಓದು: ಧರೆಪ್ಪ ಮಾಮಾನ ಜೊತೆ ಹೊಳೆವ್ವನ ಮಾತು ಇವತ್ತಿಗೆ ಮುರಿಯಿತು.

ಆಯಿ, ಅಜ್ಜ ಈ ಸಾಲು ಓದಿದ್ದರೆ ನೀನು ಶಾವಿಗೆ ಕಟ್ಟಿಕೊಂಡು ಶನಿವಾರದ ಹಾರೂಗೇರಿ ಬಸ್ಸಿಗೆ ಬಾ. ನೀನು ಇಳಿಯದಿದ್ದರೆ ಅಜ್ಜ ಓದಲಿಲ್ಲ ಎಂದು ನನಗೆ ತಿಳಿಯುತ್ತದೆ.

ನಿನ್ನ,
ಹೊಳೆವ್ವ


ಐಗಳಿ
5 ಆಗಸ್ಟ್ 1999

ಮಗಳು ಸೋನಾಬಾಯಿಗೆ,

ಕಾರ್ಡಿನಲ್ಲಿ ಜಾಗ ಕಡಿಮೆ, ಆದ್ದರಿಂದ ಶಾಸ್ತ್ರ ಬರೆಯುವುದಿಲ್ಲ.

ನಿನ್ನ ಮಗಳ ಪತ್ರ ಬಂತು. ಪೋಸ್ಟಮನ್ ನಿಮ್ಮವ್ವನ ಕೈಯಲ್ಲೇ ಕೊಟ್ಟ. ಆಕೆ ಧರೆಪ್ಪನನ್ನೂ ಕರೆದು ಎದುರು ಕೂರಿಸಿದಳು. ಕಟ್ಟೆಯ ಸಂಗತಿ ಬರುತ್ತಲೇ ನನಗೆ ಕೆಮ್ಮು ಬಂತು. "ಕೆಮ್ಮೂದು ಮುಗಿಸಿಕೊಂಡ ಓದ್ರಿ. ನನಗೇನ ಗಡಬಡಿ ಇಲ್ಲ" ಎಂದಳು. ಹುಡುಗಿ ಒಪ್ಪಿಲ್ಲ ಎಂಬಲ್ಲಿ ಕೈಯಲ್ಲಿದ್ದ ಶಾವಿಗೆ ಮಣೆಯನ್ನು ಬದಿಗಿಟ್ಟಳು. ಬೈದಿದ್ದರೆ ಚಲೋ ಇತ್ತು.

ಮಾತು ಮುರಿಯಿತೆಂದು ಭಾವುಸಾಹೇಬರಿಗೆ ನಾನೇ ಬರೆಯುತ್ತೇನೆ. ಅವರು ಏನು ಅನ್ನುತ್ತಾರೋ ಅನ್ನಲಿ. ನಿಮ್ಮವ್ವನನ್ನು ಶನಿವಾರ ಬಸ್ಸು ಹತ್ತಿಸುತ್ತೇನೆ. ನಾನು ಬರುವುದಿಲ್ಲ, ನೀವು ಕರೆದ ಮೇಲೆ ಬರುತ್ತೇನೆ.

ಮಾತು ಮುರಿದ ಆ ಸಾಲನ್ನು ಆಕೆ ಮೂರು ಸಲ ಓದಿಸಿದಳು. ಮೂರನೆಯ ಸಲ ನಾನು ಕಾಗದ ನೋಡಲಿಲ್ಲ. ಬಾಯಿಪಾಠ ಆಗಿತ್ತು.

ನಿನ್ನ ಅಪ್ಪ,
ರಾವಸಾಹೇಬ